ನಿನ್ನೆಯ ಅನ್ನ, ಹಿತ್ತಲ ಸೊಪ್ಪು: ಮಿತವ್ಯಯದ ಅಡುಗೆಗೆ ಸಮಗ್ರ ಮಾರ್ಗದರ್ಶಿ

ರಾತ್ರಿ ಊಟ ಮುಗಿದಾಗ ಎರಡು ಲೋಟದಷ್ಟು ಅನ್ನ ಉಳಿದಿದೆ. ಅದನ್ನು ಕುಕ್ಕರಿನಲ್ಲೇ ಮುಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಮುಚ್ಚಳದ ನೀರು ಇಳಿದು ಅಂಟಂಟಾಗಿರುತ್ತದೆ, ಮೂಗಿಗೆ ಹಿಡಿದರೆ ಅನುಮಾನ ಬರುತ್ತದೆ. ಅದೇ ಅನ್ನವನ್ನು ಆಗಲೇ ತಟ್ಟೆಗೆ ಹರವಿ ಆರಿಸಿ ಫ್ರಿಜ್ಜಿಗೆ ಸೇರಿಸಿದ್ದರೆ ಬೆಳಿಗ್ಗೆ ಉದುರುದುರಾದ ಚಿತ್ರಾನ್ನ ಆಗುತ್ತಿತ್ತು. ಉಳಿದದ್ದು ಊಟವಾಗುತ್ತದೋ ಕಲಗಚ್ಚಿಗೆ ಹೋಗುತ್ತದೋ ಎಂಬುದು ಉಳಿದ ಮೊದಲ ಒಂದೆರಡು ಗಂಟೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಮಿತವ್ಯಯದ ಅಡುಗೆಯಲ್ಲಿ ಒಗ್ಗರಣೆಗಿಂತ ಮುಖ್ಯವಾದ ಕೆಲಸ ಇದು. ಆದ್ದರಿಂದ ಈ ಬರಹವೂ ಅಲ್ಲಿಂದಲೇ ಶುರುವಾಗುತ್ತದೆ.

ಇಲ್ಲಿ ಲೋಟ ಎಂದರೆ 200 ಮಿಲಿ, ಚಮಚ ಎಂದರೆ 5 ಮಿಲಿಯ ಟೀ ಚಮಚ, ದೊಡ್ಡ ಚಮಚ ಎಂದರೆ 15 ಮಿಲಿ. ಪ್ರಮಾಣಗಳು ಸುಮಾರು ನಾಲ್ಕು ಜನರಿಗೆ.

ಎತ್ತಿಡುವ ಕ್ರಮ

ಬೆಂದ ಅನ್ನದಲ್ಲೂ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬದುಕಿ ಉಳಿಯುತ್ತವೆ. ಕುದಿಯುವ ನೀರು ಅವನ್ನು ಕೊಲ್ಲುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತೂ ಅವು ಮೊಳೆತು, ಬೆಳೆದು, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ "ಚೆನ್ನಾಗಿ ಹುರಿದರೆ ಏನೂ ಆಗಲ್ಲ" ಎನ್ನುವ ಮಾತನ್ನು ಅನ್ನದ ವಿಷಯದಲ್ಲಿ ನಂಬಬೇಡಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯಲ್ಲಿ ಆಹಾರ ಕೂರುವ ಹೊತ್ತನ್ನು ಕಡಿಮೆ ಮಾಡುವುದೇ ಮುಖ್ಯ ದಾರಿ.

1. ಊಟ ಮುಗಿದ ಕೂಡಲೇ ಅನ್ನವನ್ನು ಅಗಲವಾದ ತಟ್ಟೆಗೆ ಹರವಿ. ಎರಡು ಬೆರಳಿಗಿಂತ ದಪ್ಪ ಇರಬಾರದು. ಫ್ಯಾನಿನ ಕೆಳಗೆ 15–20 ನಿಮಿಷದಲ್ಲಿ ಆರುತ್ತದೆ.
2. ಮುಚ್ಚಳ ಇರುವ, ಆಳ ಕಡಿಮೆಯಿರುವ ಡಬ್ಬಿಗೆ ಹಾಕಿ ಫ್ರಿಜ್ಜಿಗಿಡಿ. ಬೇಯಿಸಿದ ಎರಡು ಗಂಟೆಯೊಳಗೆ ಈ ಕೆಲಸ ಮುಗಿಯಬೇಕು. ಮಾರನೇ ದಿನವೇ ಬಳಸಿ, ಒಂದೇ ಸಲ ಬಿಸಿ ಮಾಡಿ.
3. ಸಾರು, ಹುಳಿಯ ದೊಡ್ಡ ಪಾತ್ರೆ ಬೇಗ ಆರುವುದಿಲ್ಲ. ಎರಡು ಚಿಕ್ಕ ಪಾತ್ರೆಗೆ ಹಂಚಿ, ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ. ಬಡಿಸಿದ ಸೌಟು ಒಳಗೆ ಬಿಡಬೇಡಿ. ಮರುದಿನ ಬೆಚ್ಚಗೆ ಮಾಡಿದರೆ ಸಾಲದು, ಕೊತಕೊತ ಕುದಿಸಬೇಕು.
4. ಪಲ್ಯದಲ್ಲಿ ಮೊದಲು ಕೆಡುವುದು ಕಾಯಿತುರಿ. ಉಳಿಯುತ್ತದೆ ಎನಿಸಿದರೆ ತುರಿ ಹಾಕುವ ಮುಂಚೆಯೇ ನಾಳೆಯ ಪಾಲು ಎತ್ತಿಡಿ. ಕೋಸಂಬರಿಯಾದರೆ ಉಪ್ಪು ಹಾಕುವ ಮುಂಚೆ ಎತ್ತಿಡಿ, ಇಲ್ಲವಾದರೆ ನೀರು ಬಿಟ್ಟುಕೊಂಡು ಸೊರಗುತ್ತದೆ.

ಫ್ರಿಜ್ ಇಲ್ಲದ ಮನೆಯಲ್ಲಿ ತಂಗಳನ್ನದ ದಾರಿ ಹಳೆಯದು: ಅನ್ನ ಪೂರ್ತಿ ಆರಿದ ಮೇಲೆ ಅದು ಮುಳುಗಿ ಎರಡು ಬೆರಳು ಮೇಲೆ ನಿಲ್ಲುವಷ್ಟು ಕುದಿಸಿ ಆರಿಸಿದ ನೀರು, ಎರಡು ದೊಡ್ಡ ಚಮಚ ಹುಳಿ ಮಜ್ಜಿಗೆ ಸೇರಿಸಿ ಮಡಕೆಯಲ್ಲಿ ಇಡುವುದು. ಬೆಳಿಗ್ಗೆ ಹಿತವಾದ ಹುಳಿ ವಾಸನೆ ಇರಬೇಕು. ಬೆರಳಿಗೆ ಲೋಳೆ ಹತ್ತಿದರೆ, ನೂಲು ಎಳೆದರೆ, ಚೆಲ್ಲಿ. ಪುಟ್ಟ ಮಕ್ಕಳು, ಬಸುರಿಯರು, ವಯಸ್ಸಾದವರಿಗೆ ಇದನ್ನು ಕೊಡದಿರುವುದೇ ಒಳ್ಳೆಯದು.

ಅನ್ನ ಉಳಿದಾಗ

ಚಿತ್ರಾನ್ನಕ್ಕೆ ನಿನ್ನೆಯ ಅನ್ನವೇ ಸರಿ. ತಣ್ಣಗಾದಾಗ ಅನ್ನದೊಳಗಿನ ಪಿಷ್ಟ ಗಟ್ಟಿಯಾಗಿ ಅಗುಳು ಅಗುಳು ಬಿಡಿಯಾಗುತ್ತದೆ, ಬಿಸಿ ಅನ್ನ ಕಲಸಿದರೆ ಮುದ್ದೆಯಾಗುತ್ತದೆ. ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ, ಕುದಿದರೆ ಕಹಿಯಾಗುತ್ತದೆ. ಚಿತ್ರಾನ್ನ ಎಲ್ಲರಿಗೂ ಗೊತ್ತಿರುವುದೇ. ಅದಕ್ಕಿಂತ ಹೆಚ್ಚು ಅನ್ನ ಖರ್ಚಾಗುವ, ಹಿತ್ತಲ ಸೊಪ್ಪೂ ಸೇರುವ ತಿಂಡಿ ಅಕ್ಕಿ ರೊಟ್ಟಿ.

ಬೇಕಾದದ್ದು: ಅನ್ನ 1 ಲೋಟ, ಅಕ್ಕಿಹಿಟ್ಟು ಒಂದೂವರೆ ಲೋಟ, ಬಿಡಿಸಿದ ನುಗ್ಗೆಸೊಪ್ಪು ಅಥವಾ ಸಬ್ಬಸಿಗೆ ಒಂದು ದೊಡ್ಡ ಹಿಡಿ, ಈರುಳ್ಳಿ 1, ಹಸಿಮೆಣಸಿನಕಾಯಿ 2, ಕಾಯಿತುರಿ ಕಾಲು ಲೋಟ, ಜೀರಿಗೆ ಅರ್ಧ ಚಮಚ, ಉಪ್ಪು ಮುಕ್ಕಾಲು ಚಮಚ.

1. ಫ್ರಿಜ್ಜಿನಿಂದ ತೆಗೆದ ಅನ್ನ ಕಲ್ಲಿನಂತಿರುತ್ತದೆ. ಎರಡು ದೊಡ್ಡ ಚಮಚ ಬಿಸಿನೀರು ಚಿಮುಕಿಸಿ ಐದು ನಿಮಿಷ ಮುಚ್ಚಿಡಿ, ಆಮೇಲೆ ಅಂಗೈಯಿಂದ ಅಗುಳು ಉಳಿಯದಂತೆ ಕಿವುಚಿ. ಅಗುಳು ಉಳಿದರೆ ತಟ್ಟುವಾಗ ಅಲ್ಲಲ್ಲೇ ಹರಿಯುತ್ತದೆ.
2. ಹೆಚ್ಚಿದ ಈರುಳ್ಳಿ, ಸೊಪ್ಪು, ಮೆಣಸಿನಕಾಯಿಗೆ ಉಪ್ಪು ಹಾಕಿ ಹಿಸುಕಿ. ಅವು ಬಿಟ್ಟ ನೀರಿಗೇ ಅನ್ನ, ಕಾಯಿತುರಿ, ಜೀರಿಗೆ, ಹಿಟ್ಟು ಸೇರಿಸಿ. ಕೊನೆಗೆ ಬೇಕಾದಷ್ಟೇ ನೀರು ಚಿಮುಕಿಸಿ ಮೆತ್ತಗೆ ಕಲಸಿ. ಬೆಂದ ಅನ್ನವೇ ಹಿಟ್ಟಿಗೆ ಅಂಟು ಕೊಡುವುದರಿಂದ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸುವ ಅಗತ್ಯವಿಲ್ಲ.
3. ಎಣ್ಣೆ ಸವರಿದ ತಣ್ಣನೆಯ ಬಾಣಲೆ ಅಥವಾ ಕಾವಲಿಯ ಮೇಲೆ ಉಂಡೆಯಿಟ್ಟು ತೆಳ್ಳಗೆ ತಟ್ಟಿ, ನಾಲ್ಕೈದು ತೂತು ಮಾಡಿ ಎಣ್ಣೆ ಬಿಡಿ. ಮುಚ್ಚಿ ಮಧ್ಯಮ ಉರಿಯಲ್ಲಿ ಮೂರು ನಿಮಿಷ, ಮುಚ್ಚಳ ತೆಗೆದು ಎರಡು ನಿಮಿಷ.
4. ಮುಂದಿನ ರೊಟ್ಟಿಗೆ ಮುಂಚೆ ಕಾವಲಿಯ ಹಿಂಬದಿಗೆ ನೀರು ಸುರಿದು ತಣಿಸಿ. ಎರಡು ಕಾವಲಿ ಇದ್ದರೆ ಕಾಯುವ ಕೆಲಸವಿಲ್ಲ.

ಹಿಟ್ಟಿಗಿಂತ ಅನ್ನ ಜಾಸ್ತಿಯಾದರೆ ರೊಟ್ಟಿ ತಳ ಹಿಡಿಯುತ್ತದೆ, ಎಷ್ಟು ಹೊತ್ತು ಬೇಯಿಸಿದರೂ ಗರಿಯಾಗುವುದಿಲ್ಲ. ಹಾಗಾದಾಗ ನೀರು ಹಾಕದೆ ಇನ್ನರ್ಧ ಲೋಟ ಹಿಟ್ಟು ಸೇರಿಸಿ.

ಬೇಸಿಗೆಯಲ್ಲಿ, ಬಿಸಿಲು ಖಡಕ್ಕಾಗಿದ್ದಾಗ, ಅನ್ನದ ಸಂಡಿಗೆ ಹಾಕಬಹುದು. 2 ಲೋಟ ಅನ್ನಕ್ಕೆ ಅರ್ಧ ಲೋಟ ನೀರು, 3 ಹಸಿಮೆಣಸಿನಕಾಯಿ ಹಾಕಿ ತರಿತರಿಯಾಗಿ ರುಬ್ಬಿ, ಅರ್ಧ ಚಮಚ ಉಪ್ಪು, ಒಂದು ಚಮಚ ಜೀರಿಗೆ, ಚಿಟಿಕೆ ಇಂಗು ಸೇರಿಸಿ ಒಲೆಯ ಮೇಲೆ ಗಟ್ಟಿಯಾಗುವವರೆಗೆ ಮಗುಚಿ. ಬೆಚ್ಚಗಿರುವಾಗಲೇ ಚಕ್ಕುಲಿ ಒರಳಿನಿಂದ ಒತ್ತಿ. ಹಸಿ ಹಿಟ್ಟು ರುಚಿ ನೋಡಿದಾಗ ಉಪ್ಪು ಸಪ್ಪೆ ಎನಿಸಬೇಕು. ನೀರೆಲ್ಲ ಆರಿದ ಮೇಲೆ ಅದೇ ಉಪ್ಪು ಒತ್ತರಿಸಿಕೊಂಡು ಸರಿಹೋಗುತ್ತದೆ. ಸಂಡಿಗೆ ಉಪ್ಪುಪ್ಪಾಯಿತು ಎನ್ನುವವರ ತಪ್ಪು ಯಾವಾಗಲೂ ಇಲ್ಲೇ. ಎರಡು ಮೂರು ಬಿಸಿಲು ಒಣಗಿಸಿ, ರಾತ್ರಿ ಒಳಗೆ ತನ್ನಿ. ಮುರಿದಾಗ ಟಕ್ಕೆಂದು ಸದ್ದಾದರೆ ಡಬ್ಬಿಗೆ ಹಾಕಬಹುದು.

ಹುಳಿ ಹಿಟ್ಟು, ಮುದ್ದೆ, ಚಪಾತಿ

ದೋಸೆ ಹಿಟ್ಟು ಮೂರನೇ ದಿನಕ್ಕೆ ಹುಳಿಯಾದರೆ ಪಡ್ಡು ಮಾಡಿ. 2 ಲೋಟ ಹಿಟ್ಟಿಗೆ ಕಾಲು ಲೋಟ ಚಿರೋಟಿ ರವೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊಬ್ಬರಿ ಚೂರು ಸೇರಿಸಿ 15 ನಿಮಿಷ ಬಿಡಿ. ರವೆ ಹುಳಿಯನ್ನೂ ನೀರನ್ನೂ ಹೀರಿಕೊಳ್ಳುತ್ತದೆ. ಗುಳಿಯಲ್ಲಿ ಎಣ್ಣೆ ಕಾದಿರಬೇಕು, ಮುಕ್ಕಾಲು ಮಾತ್ರ ತುಂಬಬೇಕು. ಹಿಟ್ಟಿನ ಮೇಲೆ ಗುಲಾಬಿ ಛಾಯೆ ಅಥವಾ ಬೂಸ್ಟು ಕಂಡರೆ ಮೇಲಿನದಷ್ಟನ್ನೇ ತೆಗೆದು ಬಳಸಬೇಡಿ, ಪೂರಾ ಚೆಲ್ಲಿ.

ಉಳಿದ ರಾಗಿಮುದ್ದೆಯನ್ನು ಉಂಡೆಯಾಗಿಯೇ ಇಟ್ಟರೆ ಬೆಳಿಗ್ಗೆ ಬಿರುಸಾಗಿರುತ್ತದೆ. ರಾತ್ರಿಯೇ ನಾಲ್ಕು ತುಂಡು ಮಾಡಿ ಆರಿಸಿ ಫ್ರಿಜ್ಜಿಗಿಟ್ಟು, ಬೆಳಿಗ್ಗೆ ಸ್ವಲ್ಪ ಬಿಸಿನೀರಿನಲ್ಲಿ ಗಂಟಿಲ್ಲದಂತೆ ಕಿವುಚಿ. ಆಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ. ಒಂದು ಮುದ್ದೆಗೆ ಎರಡೂವರೆ ಲೋಟ ಮಜ್ಜಿಗೆ ಸಾಕು.

ಹಳೆ ಚಪಾತಿಗೆ ಒಗ್ಗರಣೆ ಹಾಕುವುದು ಸುಲಭ. ಆದರೆ ನಾಲ್ಕೈದು ಉಳಿದಿದ್ದರೆ ಸಿಹಿ ಮಾಡಿ: ಸಣ್ಣ ಉರಿಯಲ್ಲಿ ಕಾವಲಿಯ ಮೇಲೆ ಹಪ್ಪಳದಂತಾಗುವವರೆಗೆ ಒತ್ತಿ ಒತ್ತಿ ಬೇಯಿಸಿ, ಮುರಿದು ಮಿಕ್ಸಿಯಲ್ಲಿ ತರಿಯಾಗಿ ಪುಡಿ ಮಾಡಿ, ಪುಡಿ ಬೆಲ್ಲ, ಏಲಕ್ಕಿ, ಹುರಿದ ಗಸಗಸೆ, ಕೊಬ್ಬರಿ, ತುಪ್ಪ ಬೆರೆಸಿ. ಉತ್ತರ ಕರ್ನಾಟಕದ ಮಾದಲಿಯ ರುಚಿ ಹತ್ತಿರಕ್ಕೆ ಬರುತ್ತದೆ. ಚಪಾತಿಯಲ್ಲಿ ಮೆತ್ತಗಿನ ಭಾಗ ಉಳಿದಿದ್ದರೆ ಪುಡಿ ಮುದ್ದೆಗಟ್ಟುತ್ತದೆ, ಬೇಗ ಬೂಸ್ಟು ಹಿಡಿಯುತ್ತದೆ.

ಬಸ್ಸಾರು: ಒಂದು ಪಾತ್ರೆ, ಎರಡು ಅಡುಗೆ

ಮಿತವ್ಯಯವನ್ನು ಒಂದೇ ಅಡುಗೆಯಲ್ಲಿ ಕಲಿಯಬೇಕೆಂದರೆ ಹಳೇ ಮೈಸೂರು ಕಡೆಯ ಬಸ್ಸಾರು ಕಲಿಯಿರಿ. ಬೇಳೆ, ಸೊಪ್ಪು ಒಟ್ಟಿಗೆ ಬೆಂದ ಮೇಲೆ ಬಸಿದ ನೀರೇ (ಇದನ್ನೇ ಕಟ್ಟು ಎನ್ನುವುದು) ಸಾರು, ಬಸಿದುಳಿದದ್ದೇ ಪಲ್ಯ. ಬೆಂದ ನೀರು ಚೆಲ್ಲುವ ಮಾತೇ ಇಲ್ಲ. ಹಿತ್ತಲಲ್ಲಿ ಒಂದೊಂದೇ ಹಿಡಿ ಸಿಕ್ಕ ನಾಲ್ಕು ಬಗೆಯ ಸೊಪ್ಪಿಗೂ ಇದರಲ್ಲಿ ಜಾಗವಿದೆ. ದಂಟು, ಹರಿವೆ, ಚಕ್ಕೋತ, ಮೂಲಂಗಿ ಸೊಪ್ಪು, ನುಗ್ಗೆ ಎಲ್ಲವೂ ಹೊಂದುತ್ತವೆ. ಮೆಂತ್ಯ ಮಾತ್ರ ಒಂದು ಹಿಡಿ ಮೀರಬಾರದು, ಕಟ್ಟೆಲ್ಲ ಕಹಿಯಾಗುತ್ತದೆ.

ತೊಗರಿಬೇಳೆ ಮುಕ್ಕಾಲು ಲೋಟ (ಅಥವಾ ನೆನೆಸಿದ ಹುರುಳಿ, ಅಲಸಂದೆ), ತೊಳೆದು ಹೆಚ್ಚಿದ ಸೊಪ್ಪು ಸುಮಾರು 300 ಗ್ರಾಂ, ನೀರು 6 ಲೋಟ.

1. ಬೇಳೆಯನ್ನು ಅರ್ಧ ಗಂಟೆ ನೆನೆಸಿ, ತೆರೆದ ಪಾತ್ರೆಯಲ್ಲಿ ಬೇಯಿಸಿ. ಕಾಳನ್ನು ಬೆರಳಲ್ಲಿ ಒತ್ತಿದರೆ ಒಡೆಯಬೇಕು, ಪಾತ್ರೆಯಲ್ಲಿ ಮಾತ್ರ ಇಡಿಯಾಗಿಯೇ ಕಾಣಬೇಕು. ಕುಕ್ಕರಿನಲ್ಲಿ ಒಂದು ಕೂಗು ಹೆಚ್ಚಾದರೂ ಬೇಳೆ ಕರಗಿ ಕಟ್ಟು ಗಂಜಿಯಾಗುತ್ತದೆ, ಪಲ್ಯಕ್ಕೆ ಏನೂ ಉಳಿಯುವುದಿಲ್ಲ.
2. ಸೊಪ್ಪಿನ ಗಟ್ಟಿ ದಂಟು ಮೊದಲು, ಎರಡು ನಿಮಿಷ ಬಿಟ್ಟು ಎಲೆ, ಒಂದು ಚಮಚ ಉಪ್ಪು. ಮುಚ್ಚಳ ಹಾಕಬೇಡಿ, ಎಲೆಯ ಹಸಿರು ಕಂದುತ್ತದೆ. ಐದಾರು ನಿಮಿಷ ಸಾಕು.
3. ಜಾಲರಿಯಲ್ಲಿ ಬಸಿಯಿರಿ. ಸೌಟಿನಿಂದ ಒತ್ತಿ ಹಿಂಡಬೇಡಿ, ತಾನಾಗಿ ಇಳಿದ ಕಟ್ಟೇ ತಿಳಿಯಾಗಿರುತ್ತದೆ. ಸುಮಾರು ನಾಲ್ಕು ಲೋಟ ಸಿಗುತ್ತದೆ.
4. ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿಯಿರಿ. ಅದಕ್ಕೆ ಕಾಲು ಲೋಟ ಕಾಯಿತುರಿ, ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸು, ಎರಡು ಚಮಚ ಸಾರಿನ ಪುಡಿ, ಗೋಲಿ ಗಾತ್ರದ ಹುಣಸೆಹಣ್ಣು ಮತ್ತು ಬಸಿದ ಬೇಳೆ ಸೊಪ್ಪಿನಿಂದಲೇ ಎರಡು ದೊಡ್ಡ ಚಮಚ ಹಾಕಿ ನುಣ್ಣಗೆ ರುಬ್ಬಿ. ಈ ಎರಡು ಚಮಚ ಬಿಟ್ಟರೆ ಸಾರಿನಲ್ಲಿ ಮಸಾಲೆ ಕೆಳಗೆ, ನೀರು ಮೇಲೆ ನಿಲ್ಲುತ್ತದೆ.
5. ಕಟ್ಟಿಗೆ ಮಸಾಲೆ ಕಲಸಿ ಎಂಟು ಹತ್ತು ನಿಮಿಷ ಕುದಿಸಿ. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಉಪ್ಪನ್ನು ರುಚಿ ನೋಡಿಯೇ ಸೇರಿಸಿ, ಬೇಯುವಾಗಲೇ ಹಾಕಿದ್ದೇವೆ.
6. ಪಲ್ಯಕ್ಕೆ ಬೇರೆ ಬಾಣಲೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಬಾಡಿಸಿ, ಬಸಿದ ಸೊಪ್ಪು ಬೇಳೆ ಹಾಕಿ ನೀರಿನಂಶ ಆರುವವರೆಗೆ ಮಗುಚಿ. ಕಾಯಿತುರಿ ಕೊನೆಗೆ.

ಈ ಸಾರು ಮಾರನೇ ದಿನಕ್ಕೇ ಹೆಚ್ಚು ರುಚಿ. ಮಸಾಲೆ ರುಬ್ಬುವ ವ್ಯವಧಾನ ಇಲ್ಲದ ದಿನ ಅದೇ ಕಟ್ಟನ್ನು ಉಪ್ಸಾರು ಮಾಡಿ: ಕಟ್ಟು ಹಾಗೇ, ಜೊತೆಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಉಪ್ಪು ಅರೆದ ಖಾರ ತಟ್ಟೆಯ ಅಂಚಿಗೆ. ಮುದ್ದೆಯ ಜೊತೆ ಅದರಷ್ಟು ಹಗುರವಾದ ಊಟ ಇನ್ನೊಂದಿಲ್ಲ.

ಸಿಪ್ಪೆ ಮತ್ತು ತಿರುಳು

ಮೊದಲು ಎಚ್ಚರಿಕೆ. ಹೀರೆ, ಸೋರೆ, ಸೌತೆ ಯಾವುದೇ ಆಗಲಿ, ಹೆಚ್ಚುವ ಮುಂಚೆ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ ಉಗಿಯಿರಿ. ಕಹಿ ಇದ್ದರೆ ಕಾಯಿ, ಸಿಪ್ಪೆ ಎರಡೂ ಬೇಡ. ಆ ಕಹಿ ಕುಕರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೆ ಹೋಗುವುದಿಲ್ಲ, ಕಹಿ ಸೋರೆ ರಸ ಕುಡಿದು ಜೀವಕ್ಕೇ ಕುತ್ತಾದದ್ದಿದೆ. ಹಸಿರು ತಿರುಗಿದ ಆಲೂಗಡ್ಡೆಯ ಸಿಪ್ಪೆಯನ್ನೂ ಬಳಸಬೇಡಿ. ಅಂಗಡಿಯ ತರಕಾರಿಯ ಸಿಪ್ಪೆಗೆ ಔಷಧಿ ಸಿಂಪಡಿಸಿರಬಹುದು, ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಹಿತ್ತಲದ್ದಾದರೆ ಆ ಚಿಂತೆಯಿಲ್ಲ.

ಹೀರೆಕಾಯಿ ಸಿಪ್ಪೆ ಚಟ್ನಿಗೆ ಎರಡು ಎಳೆ ಕಾಯಿಯ ಸಿಪ್ಪೆ ಬೇಕು. ಏಣಿನ ತುದಿಯ ನಾರನ್ನು ಚಾಕುವಿನಿಂದ ಹೆರೆದು ಬಿಸಾಡಿ, ಉಳಿದದ್ದನ್ನು ಅಡ್ಡಡ್ಡಲಾಗಿ ಸಣ್ಣಗೆ ಹೆಚ್ಚಿ. ಉದ್ದುದ್ದ ಬಿಟ್ಟರೆ ಮಿಕ್ಸಿಯಲ್ಲಿ ನಾರು ಸುತ್ತಿಕೊಳ್ಳುತ್ತದೆ, ತಿನ್ನುವಾಗ ಹಲ್ಲಿಗೆ ಸಿಗುತ್ತದೆ. ಎರಡು ಚಮಚ ಎಣ್ಣೆಯಲ್ಲಿ ಒಂದೊಂದು ದೊಡ್ಡ ಚಮಚ ಉದ್ದಿನಬೇಳೆ, ಕಡಲೆಬೇಳೆ, ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಹುರಿದು ತೆಗೆಯಿರಿ. ಅದೇ ಬಾಣಲೆಯಲ್ಲಿ ಸಿಪ್ಪೆಯನ್ನು ಏಳೆಂಟು ನಿಮಿಷ, ಚಟಪಟ ನಿಂತು ಅಂಚು ಮುದುರುವವರೆಗೆ ಹುರಿಯಿರಿ. ಇಲ್ಲಿ ಅವಸರ ಮಾಡಿದರೆ ಹಸಿ ವಾಸನೆ ಉಳಿದು ಚಟ್ನಿ ಯಾರೂ ಮುಟ್ಟುವುದಿಲ್ಲ. ಕಾಲು ಲೋಟ ಕಾಯಿತುರಿ, ಚೂರು ಹುಣಸೆ, ಚೂರು ಬೆಲ್ಲ, ಉಪ್ಪು ಸೇರಿಸಿ ತರಿಯಾಗಿ ರುಬ್ಬಿ.

ಬಾಳೆಕಾಯಿ ಸಿಪ್ಪೆಯನ್ನು ಕೈಗೆ ಎಣ್ಣೆ ಹಚ್ಚಿಕೊಂಡು ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕಿ, ಕಪ್ಪಾಗುವುದಿಲ್ಲ. ಹಿಂಡಿ ತೆಗೆದು ಅರಿಸಿನದೊಂದಿಗೆ ಬೇಯಿಸಿ, ಬೆಂದ ಹೆಸರುಕಾಳಿನ ಜೊತೆ ಪಲ್ಯ ಮಾಡಿ. ಕಲ್ಲಂಗಡಿಯ ಕೆಂಪಿಗೂ ಹಸಿರಿಗೂ ನಡುವಿನ ಬಿಳಿ ಭಾಗ ಸೌತೆಕಾಯಿಯಂತೆಯೇ: ತುರಿದು ಅಕ್ಕಿಯೊಂದಿಗೆ ರುಬ್ಬಿದರೆ ಮೆತ್ತಗಿನ ದೋಸೆ, ಹೋಳು ಮಾಡಿದರೆ ಮಜ್ಜಿಗೆ ಹುಳಿ. ಕೊತ್ತಂಬರಿ ದಂಟು ತಿಳಿಸಾರಿಗೆ. ಹಲಸಿನ ಬೀಜ ತೊಳೆದು ನೆರಳಲ್ಲಿ ಒಣಗಿಸಿಟ್ಟರೆ ಮಳೆಗಾಲದ ಸಾರಿಗೆ.

ಫ್ರಿಜ್ಜಿನಲ್ಲಿ ಹುಳಿಯಾದ ಮೊಸರು ಇದ್ದರೆ ಮಜ್ಜಿಗೆ ಹುಳಿಗೆ ಅದೇ ತಕ್ಕದ್ದು. ನೆನೆಸಿದ ಒಂದು ದೊಡ್ಡ ಚಮಚ ಕಡಲೆಬೇಳೆಯನ್ನು ಕಾಯಿ, ಹಸಿಮೆಣಸು, ಜೀರಿಗೆಯೊಂದಿಗೆ ರುಬ್ಬಿ ಬೆಂದ ತರಕಾರಿ ಹೋಳುಗಳಿಗೆ ಹಾಕಿ ಕುದಿಸಿ. ಕಡೆದ ಮೊಸರು ಸುರಿದ ಮೇಲೆ ಮಾತ್ರ ಪಾತ್ರೆ ಬಿಟ್ಟು ಅಲುಗಬೇಡಿ. ಅಂಚಿನಲ್ಲಿ ನೊರೆ ಎದ್ದ ಕೂಡಲೇ ಇಳಿಸಿ, ಕುದಿದರೆ ಒಡೆಯುತ್ತದೆ.

ಹಿತ್ತಲಿಂದ ಒಲೆಗೆ

ಕೊಯ್ಯುವ ರೀತಿಯಲ್ಲೇ ಅರ್ಧ ಉಳಿತಾಯವಿದೆ. ಹರಿವೆಯನ್ನು ಬೇರುಸಹಿತ ಕೀಳದೆ ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಮತ್ತೆ ಚಿಗುರುತ್ತದೆ. ಬಸಳೆಯ ಬಳ್ಳಿಯಲ್ಲಿ ಎರಡು ಗಿಣ್ಣು ಉಳಿಸಿ ಕೊಯ್ಯಿರಿ. ನುಗ್ಗೆಸೊಪ್ಪು ಬಿಡಿಸುವುದು ಬೇಸರ ಎನ್ನುವವರು ರಾತ್ರಿ ಕಡ್ಡಿಸಹಿತ ಬಟ್ಟೆಯಲ್ಲಿ ಸುತ್ತಿಡಿ. ಬೆಳಿಗ್ಗೆ ಬಟ್ಟೆ ಬಿಚ್ಚಿ ಕಡ್ಡಿ ಕೊಡವಿದರೆ ಎಲೆಗಳು ತಾವಾಗಿಯೇ ಉದುರುತ್ತವೆ.

ಪಲ್ಯಕ್ಕೆ ಸಾಲದಷ್ಟು, ಒಂದೇ ಹಿಡಿ ಎಲೆ ಸಿಕ್ಕಿದರೆ ಮಲೆನಾಡಿನ ತಂಬುಳಿ. ದೊಡ್ಡಪತ್ರೆಯ ಹತ್ತು ಎಲೆ ಅಥವಾ ಒಂದು ಹಿಡಿ ಒಂದೆಲಗ ಸಾಕು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಐದು ಕಾಳುಮೆಣಸು, ದೊಡ್ಡಪತ್ರೆ ಬಾಡಿಸಿ, ಪೂರ್ತಿ ಆರಿದ ಮೇಲೆ ಮೂರು ದೊಡ್ಡ ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಕಲಸಿ. ಒಂದೆಲಗವನ್ನು ಹಸಿಯಾಗಿಯೇ ರುಬ್ಬಬಹುದು. ಬಿಸಿಯಿರುವಾಗ ಮಜ್ಜಿಗೆಗೆ ಸೇರಿಸಿದರೆ ಒಡೆದು ನೀರು ಬೇರೆಯಾಗುತ್ತದೆ. ಕಲಸಿದ ತಂಬುಳಿಯನ್ನು ಮತ್ತೆ ಒಲೆಗೆ ಇಡುವುದಿಲ್ಲ.

ಗೊನೆ ಕಡಿದ ಬಾಳೆಗಿಡವನ್ನು ಹಾಗೇ ಕೊಳೆಯಲು ಬಿಡಬೇಡಿ. ಹೊರಪದರಗಳನ್ನು ಒಂದೊಂದಾಗಿ ಸುಲಿಯುತ್ತ ಹೋದರೆ ಇನ್ನು ಸುಲಿಯಲಾಗದ, ಬೆಳ್ಳಗೆ ನುಣುಪಾದ ದಿಂಡು ಸಿಗುತ್ತದೆ. ಬಿಲ್ಲೆ ಕತ್ತರಿಸುವಾಗ ಪ್ರತಿ ಬಿಲ್ಲೆಯ ಹಿಂದೆ ಜೇಡರ ಬಲೆಯಂಥ ನೂಲು ಎಳೆಯುತ್ತದೆ. ಎಡಗೈ ತೋರುಬೆರಳಿಗೆ ಅದನ್ನು ಸುತ್ತಿಕೊಳ್ಳುತ್ತಲೇ ಹೆಚ್ಚಿ. ಐದಾರು ಬಿಲ್ಲೆಗೆ ಬೆರಳ ಮೇಲೆ ಉಂಗುರದಷ್ಟು ನಾರು ಸೇರುತ್ತದೆ, ಅದನ್ನು ಕಳಚಿ ಬಿಸಾಡಿ ಮುಂದುವರಿಯಿರಿ. ಹೆಚ್ಚಿದ್ದು ಕೂಡಲೇ ಮಜ್ಜಿಗೆ ನೀರಿಗೆ. ಎಳೆಯದಾದರೆ ಹಸಿಯಾಗಿಯೇ ನೆನೆಸಿದ ಹೆಸರುಬೇಳೆಯೊಂದಿಗೆ ಕೋಸಂಬರಿ, ಬಲಿತದ್ದಾದರೆ ಪಲ್ಯ.

ಮಳೆಗಾಲದ ಕೆಸುವಿನ ಎಲೆ ಗಂಟಲು ತುರಿಸಲು ಕಾರಣ ಅದರಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಪತ್ರೊಡೆಗೆ ಹಿಟ್ಟು ರುಬ್ಬುವಾಗ ಹುಣಸೆಹಣ್ಣಿನಲ್ಲಿ ಜಿಪುಣತನ ಬೇಡ: ಹತ್ತು ಎಲೆಗೆ ದೊಡ್ಡ ನಿಂಬೆ ಗಾತ್ರ. ಹಬೆಯಲ್ಲಿ ಕನಿಷ್ಠ 40 ನಿಮಿಷ ಬೇಯಬೇಕು. ಎಲೆಯ ದಪ್ಪ ನರವನ್ನು ಹಿಂಬದಿಯಿಂದ ಹೆರೆದು ತೆಗೆಯಿರಿ. ತಿನ್ನುವ ಜಾತಿಯ ಕೆಸು ಎಂದು ಖಚಿತವಿಲ್ಲದ ಎಲೆಯನ್ನು ಕೊಯ್ಯಲೇಬೇಡಿ.

ಅಡುಗೆಗೆ ಬಾರದ್ದು ಗಿಡಕ್ಕೆ ಹೋಗಲಿ. ಅಕ್ಕಿ ತೊಳೆದ ಅಕ್ಕಚ್ಚನ್ನು ಆ ದಿನವೇ ಬಸಳೆ ಬುಡಕ್ಕೆ ಸುರಿಯಿರಿ, ಇಟ್ಟರೆ ನಾರುತ್ತದೆ. ಮೊಳಕೆಕಾಳು ನೆನೆಸಿದ ನೀರು ಕರಿಬೇವಿಗೆ. ಉಪ್ಪು ಬಿದ್ದ ನೀರನ್ನು ಮಾತ್ರ ಯಾವ ಗಿಡಕ್ಕೂ ಹಾಕಬೇಡಿ. ಕರಿಬೇವಿಗೆ ಮಜ್ಜಿಗೆ ಹಾಕುವುದಾದರೆ ಉಪ್ಪು ಬೆರೆಸದ, ಪಾತ್ರೆ ತೊಳೆದ ತೆಳು ಮಜ್ಜಿಗೆಯನ್ನು ಬುಡದಿಂದ ಒಂದು ಗೇಣು ದೂರಕ್ಕೆ ಹಾಕಿ, ಮೇಲೆ ಮಣ್ಣು ಎಳೆಯಿರಿ. ಹಾಗೆ ಮಾಡಿದರೆ ಇರುವೆ, ನೊಣ ಸುಳಿಯುವುದಿಲ್ಲ.